ಲೈನಿಂಗ್ ಬಟ್ಟೆಯ ನಾಲ್ಕು ನಿಮಿಷ

ಫೋನಿನಲ್ಲಿ ‘ಇಲ್ಲ’ ಅನ್ನಲು ನನಗೆ ಬರುವುದಿಲ್ಲ. ಎದುರಿಗಿರುವವರಾದರೆ ತಲೆ ಅಡ್ಡಡ್ಡ ಆಡಿಸಿಯಾದರೂ ಪಾರಾಗಬಹುದು. ಫೋನಿಗೆ ತಲೆ ಕಾಣುವುದಿಲ್ಲ. ರಾಂಗ್ ನಂಬರ್ ಎಂದು ಹೇಳಲಾಗದೆ ಯಾರೋ ಅಜ್ಜಿಯೊಬ್ಬರಿಗೆ ಮೂರು ತಿಂಗಳು ತಮ್ಮನ ಮಗಳಾಗಿ ಮಾತಾಡಿದವಳು ನಾನು. ಅವರ ಮಂಡಿನೋವು ಕಡಿಮೆಯಾಯಿತೋ ಇಲ್ಲವೋ ಎಂದು ಈಗಲೂ ಒಮ್ಮೊಮ್ಮೆ ಯೋಚನೆಯಾಗುತ್ತದೆ.

ಆ ಗುರುವಾರ ಮಧ್ಯಾಹ್ನ ವಾರಪತ್ರಿಕೆಯ ಉಪಸಂಪಾದಕರು ಫೋನ್ ಮಾಡಿದರು. “ಧಾರಾವಾಹಿಯ ಈ ವಾರದ ಕಂತು ಒಂದೂವರೆ ಪುಟ ಕಡಿಮೆ ಬಿದ್ದಿದೆ. ಪುಟ ಕಟ್ತಾ ಕೂತಿದೀವಿ, ಅರ್ಧ ಗಂಟೇಲಿ ಕಳಿಸಿಬಿಡಿ.”

“ಆಯ್ತು ಸಾರ್” ಎಂದೆ.

ಕಾದಂಬರಿ ನನ್ನದಲ್ಲ. ನಾನು ಬರೀ ಟೈಪಿಸ್ಟು. ಬರೆಯುವವರು ಮೇಡಂ. ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ವಾಸ. ಕೆಳಗಿನಿಂದ ಬೀಗದ ಕೈಗೆ ಅರ ಉಜ್ಜುವ ಸದ್ದು, ಮೇಲೆ ಮೇಡಂ ನಡೆದಾಡುವ ಸದ್ದು. ಮೂವತ್ತೊಂದು ವರ್ಷ ಶಾಲೆಯಲ್ಲಿ ಟೀಚರಾಗಿದ್ದವರಿಗೆ ಕೂತು ಯೋಚನೆ ಮಾಡಲು ಬರುವುದಿಲ್ಲ. ಕಿಟಕಿಯಿಂದ ಕಪಾಟಿನವರೆಗೆ ನಡೆಯುತ್ತಾ ಕಥೆ ಹೇಳುತ್ತಾರೆ, ನಾನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತೇನೆ. ಪುಸ್ತಕದ ಮುಂಭಾಗ ಮೇಡಂ ಕಾದಂಬರಿಗೆ. ಹಿಂಭಾಗ ನನ್ನ ದಿನಚರಿಗೆ. ಶಾಲೆಯಲ್ಲಿ ಕೊನೆಯ ಪುಟಗಳನ್ನು ‘ರಫ್’ ಎಂದು ಬಳಸಿ ಬಳಸಿ ಬಂದ ಅಭ್ಯಾಸ. ಪದವಿ ಮುಗಿದರೂ ನನ್ನ ಬದುಕು ರಫ್ ಪುಟಗಳಲ್ಲೇ ಇದೆ ಎಂದು ಅಮ್ಮ ಹೇಳುತ್ತಾಳೆ.

ಮೇಡಂ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅದರ ಹೆಸರು ಉಪದೇಶದ ಡಬ್ಬಿ. ಕೆಲಸಕ್ಕೆ ಸೇರಿದ ದಿನವೇ ಅವರು ನನ್ನ ಕೈಗೆ ಕತ್ತರಿ ಕೊಟ್ಟಿದ್ದರು. “ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ನನ್ನ ನಾಲಿಗೆ ಹಾಗೆ. ಕಥೆ ಹೇಳ್ತಾ ಹೇಳ್ತಾ ಪಾಠಕ್ಕೆ ಇಳಿದುಬಿಡುತ್ತೆ. ಟೈಪ್ ಮಾಡಿದ ಮೇಲೆ ಓದು. ಎಲ್ಲಿ ನಾನು ಕೈಯಲ್ಲಿ ಕೋಲು ಹಿಡಿದು ನಿಂತ ಹಾಗೆ ಕಾಣುತ್ತೋ ಆ ವಾಕ್ಯ ಕತ್ತರಿಸಿ ಡಬ್ಬಿಗೆ ಹಾಕು.”

ನಾಲ್ಕು ತಿಂಗಳಾದರೂ ನಾನು ಒಂದು ಚೂರೂ ಹಾಕಿರಲಿಲ್ಲ. ಅವರ ವಾಕ್ಯಕ್ಕೆ ನಾನು ಕತ್ತರಿ ಹಾಕುವುದೆಂದರೇನು.

“ನನ್ನ ಮರ್ಯಾದೆ ಉಳಿಸ್ತಾ ಇದೀಯೋ, ನನ್ನ ಕಾದಂಬರಿ ಸಾಯಿಸ್ತಾ ಇದೀಯೋ?” ಎಂದು ಕೇಳಿ ತಾವೇ ಕತ್ತರಿಸಿ ಹಾಕುತ್ತಿದ್ದರು.

ಈ ಸಲದ ಕಾದಂಬರಿ ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಕೆಲಸ ಮಾಡುವ ಹೆಣ್ಣುಮಕ್ಕಳದ್ದು. ಮೇಡಂ ಕಾನೂನಿನ ಪುಸ್ತಕ ಓದಿದ್ದರು, ವೈದ್ಯರನ್ನು ಕಂಡಿದ್ದರು, ಸಂಘದವರನ್ನು ಮಾತಾಡಿಸಿದ್ದರು. ಏಳು ಕಂತು ಅಚ್ಚಾಗಿದ್ದವು. ಡಬ್ಬಿ ಕತ್ತಿನವರೆಗೆ ತುಂಬಿತ್ತು. ಅದರ ಮೇಲಿನ ಗೋಡೆಗೆ ಪತ್ರಿಕೆಯವರು ಸಂದರ್ಶನಕ್ಕೆಂದು ಕಳಿಸಿದ್ದ ಪ್ರಶ್ನೆಗಳ ಹಾಳೆ ಅಂಟಿಸಿತ್ತು. ಒಂಬತ್ತಕ್ಕೆ ಉತ್ತರ ಬರೆದಾಗಿತ್ತು. ಹತ್ತನೆಯದು ಹಾಗೇ ಉಳಿದಿತ್ತು: ‘ಕಾದಂಬರಿ ಬರೆಯುವುದರಿಂದ ಸಮಾಜದಲ್ಲಿ ಜಾಗೃತಿ ಬರುತ್ತದೆ ಎಂದು ನೀವು ನಂಬುತ್ತೀರಾ?’ ಮೂರು ಸಲ ಮೂರು ಬಗೆಯಲ್ಲಿ ಉತ್ತರ ಹೇಳಿ, ಮೂರನ್ನೂ ಡಬ್ಬಿಗೆ ಹಾಕಿದ್ದರು.

ನಾನು ಮೇಡಂಗೆ ಹೇಳದೆ ಉಳಿಸಿಕೊಂಡ ಸಂಗತಿ ಒಂದಿತ್ತು. ನನ್ನ ಅಕ್ಕ ಅಂಥದೇ ಒಂದು ಬಟ್ಟೆ ಅಂಗಡಿಯ ಮೊದಲ ಮಹಡಿಯಲ್ಲಿ ಆರು ವರ್ಷದಿಂದ ನಿಂತಿದ್ದಾಳೆ. ಮಂಗಳವಾರ ಅವಳಿಗೆ ರಜೆ. ಆ ದಿನ ನೆಲದ ಮೇಲೆ ಮಲಗಿ ಎರಡೂ ಕಾಲನ್ನು ಗೋಡೆಗೆ ನೆಟ್ಟಗೆ ಚಾಚುತ್ತಾಳೆ. ನಮ್ಮ ನಡುಮನೆಯ ಗೋಡೆಯಲ್ಲಿ ಅವಳ ಹಿಮ್ಮಡಿ ತಾಗಿ ತಾಗಿ ಎರಡು ಕಪ್ಪು ಬೊಟ್ಟು ಮೂಡಿವೆ. ಎಷ್ಟು ಸುಣ್ಣ ಹೊಡೆದರೂ ಮತ್ತೆ ಮೂಡುತ್ತವೆ. ಕಾಲು ಮೇಲೆ ಇದ್ದಾಗ ಅವಳ ಬಾಯಿ ಸಡಿಲವಾಗುತ್ತದೆ. ಅಂಗಡಿಯ ಸುದ್ದಿಯೆಲ್ಲ ನನ್ನ ಹತ್ತಿರ ಹೇಳುತ್ತಾಳೆ. ಕೊನೆಗೆ ತಪ್ಪದೆ ಒಂದು ಮಾತು ಸೇರಿಸುತ್ತಾಳೆ: “ಹೊಸಿಲು ದಾಟಬಾರದು, ತಿಳೀತಾ?” ನಾನು ತಲೆಯಾಡಿಸುತ್ತೇನೆ. ಚಿಕ್ಕಂದಿನಿಂದ ಮನೆಯಲ್ಲಿ ನನ್ನನ್ನು ಕರೆಯುವುದೇ ಬಸವನಹುಳ ಅಂತ. ಯಾರಾದರೂ ಮುಟ್ಟಿದರೆ ಸಾಕು, ಚಿಪ್ಪಿನೊಳಗೆ ಹೋಗಿಬಿಡುತ್ತೇನೆ. ನನ್ನಿಂದ ಏನು ಹೊಸಿಲು ದಾಟೀತು.

ಆ ಗುರುವಾರ ಮೇಡಂ ಮಲಗಿದ್ದರು. ಗಂಟಲಿನಲ್ಲಿ ಗಂಟಾಗಿ ಸಣ್ಣ ಆಪರೇಷನ್ ಆಗಿತ್ತು. ಹದಿನೈದು ದಿನ ಒಂದು ಅಕ್ಷರ ಮಾತಾಡಕೂಡದು ಎಂದು ವೈದ್ಯರು ಹೇಳಿದ್ದರು. ಔಷಧಿಯ ಮಂಪರಿನಲ್ಲಿದ್ದವರನ್ನು ಎರಡು ಸಲ ಮುಟ್ಟಿ ನೋಡಿದೆ, ಏಳಲಿಲ್ಲ. ಗಡಿಯಾರ ನೋಡಿದೆ. ಉಪಸಂಪಾದಕರಿಗೆ ತಿರುಗಿ ಫೋನ್ ಮಾಡಿ ‘ಆಗುವುದಿಲ್ಲ’ ಎಂದರೆ ಮುಗಿಯುತ್ತಿತ್ತು. ಅದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಲು ನಾನು ಸಿದ್ಧಳಿದ್ದೆ. ನೋಟ್‌ಪುಸ್ತಕ ತಿರುಗಿಸಿ, ಹಿಂದಿನ ಮಂಗಳವಾರದ ದಿನಚರಿ ತೆಗೆದು, ‘ಅಕ್ಕ’ ಎಂದಿದ್ದಲ್ಲೆಲ್ಲ ‘ಅವಳು’ ಎಂದು ಮಾಡಿ, ಟೈಪ್ ಮಾಡಿ ಕಳಿಸಿಬಿಟ್ಟೆ. ಹೋದದ್ದರ ಒಂದು ಭಾಗ ಇದು:

“ಲೈನಿಂಗ್ ಬಟ್ಟೆಯ ಸುರುಳಿಗಳಿರುವುದು ಕೌಂಟರಿನ ಕೆಳಗೆ. ದಿನಕ್ಕೆ ಇಬ್ಬರೋ ಮೂವರೋ ಕೇಳಿದರೆ ಹೆಚ್ಚು. ಆದರೆ ಹನ್ನೊಂದು ಹುಡುಗಿಯರೂ ದಿನಕ್ಕೆ ಎರಡು ಸಲ ಲೈನಿಂಗ್ ಹುಡುಕುತ್ತಾರೆ. ಸರದಿ ಬಂದವಳು ಕೊರಳಿನ ಅಳತೆ ಟೇಪನ್ನು ಮಗುಚಿ ಹಾಕಿಕೊಂಡು ಉಳಿದವರಿಗೆ ಸನ್ನೆ ಕೊಟ್ಟು, ‘ಲೈನಿಂಗ್ ಹುಡುಕ್ತೀನಿ’ ಎಂದು ಬಗ್ಗುತ್ತಾಳೆ. ಬಗ್ಗಿ, ಸುರುಳಿಯ ಮೇಲೆ ಕೂರುತ್ತಾಳೆ. ನಾಲ್ಕು ನಿಮಿಷ. ಅಷ್ಟು ಹೊತ್ತು ಅಕ್ಕಪಕ್ಕದ ಇಬ್ಬರು ಒತ್ತಿ ನಿಂತು ಸಂದಿ ಮುಚ್ಚುತ್ತಾರೆ. ಮಂಡಿ ಮಡಚುವಾಗ ಒಣ ಕಡ್ಡಿ ಮುರಿದಂಥ ಸದ್ದು ಬರುತ್ತದೆ; ಅದು ಕೇಳಿಸದಿರಲೆಂದು ಒಬ್ಬಳು ಕೆಮ್ಮುತ್ತಾಳೆ. ಕೂತವಳಿಗೆ ಕಾಣುವುದು ಗೆಳತಿಯರ ಪಾದ ಮಾತ್ರ. ಯಾರದು ಇವತ್ತು ಊದಿದೆ, ಯಾರು ಒಂಟಿಗಾಲಲ್ಲಿ ನಿಂತಿದ್ದಾಳೆ, ಯಾರು ಚಪ್ಪಲಿಯೊಳಗೆ ಬಟ್ಟೆ ಮಡಿಸಿಟ್ಟುಕೊಂಡಿದ್ದಾಳೆ, ಎಲ್ಲ ಅವಳಿಗೆ ಗೊತ್ತು. ಎದ್ದಾಗ ಅವಳ ಕೈಯಲ್ಲಿ ಯಾರೂ ಕೇಳದ ಬಿಳಿ ಲೈನಿಂಗ್ ಇರುತ್ತದೆ. ಅದನ್ನು ಮತ್ತೆ ಕೆಳಗಿಡುವುದು ಮುಂದಿನವಳ ಕೆಲಸ.”

ಕಂತಿನ ಕೊನೆಯ ಒಂದೂವರೆ ಪುಟ, ಅಲ್ಲಿವರೆಗೆ ಯಾರು ಓದುತ್ತಾರೆ ಎಂದುಕೊಂಡೆ.

ಸೋಮವಾರ ಪತ್ರಿಕೆ ಬಂತು. ನಾನು ಮೆಟ್ಟಿಲು ಹತ್ತಿ ಹೋಗುವಾಗಲೇ ಮೇಡಂ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ಮಡಿಲಲ್ಲಿ ಪತ್ರಿಕೆ, ಕೈಯಲ್ಲಿ ಸ್ಲೇಟು. ಮಾತು ನಿಂತ ಮೇಲೆ ಅವರಿಗೆ ಸ್ಲೇಟೇ ಗತಿ. ಬಳಪದ ಅಕ್ಷರ ತರಗತಿಯ ಬೋರ್ಡಿನಲ್ಲಿದ್ದ ಹಾಗೆ ದುಂಡಗೆ ಇತ್ತು.

‘ಕೊನೆಯ ಭಾಗ ಯಾರದು?’

“ನಂದು ಮೇಡಂ. ತಪ್ಪಾಯ್ತು. ಫೋನ್ ಬಂತು, ನೀವು ಮಲಗಿದ್ರಿ, ನಂಗೆ ಇಲ್ಲ ಅನ್ನೋಕೆ…”

ಒರೆಸಿದರು. ‘ಲೈನಿಂಗ್ ಮೇಲೆ ಕೂತವಳು ಯಾರು?’

“ನಮ್ಮಕ್ಕ.”

ಮತ್ತೆ ಒರೆಸಿ ಬರೆದರು. ‘ಹಾಗಾದರೆ ನಿನ್ನದಲ್ಲ, ಅವಳದು. ಅವಳನ್ನು ಕೇಳಿದೆಯಾ?’

ತಲೆ ಅಡ್ಡಡ್ಡ ಆಡಿಸಿದೆ. ಈಗ ಕೆಲಸದಿಂದ ತೆಗೆಯುತ್ತಾರೆ ಎಂದು ಬ್ಯಾಗಿನ ಪಟ್ಟಿ ಹಿಡಿದುಕೊಂಡೆ. ಅವರು ಸ್ಲೇಟಿನ ಎರಡೂ ಬದಿ ತುಂಬ ಬರೆದು ನನ್ನ ಕಡೆ ತಿರುಗಿಸಿದರು.

‘ಏಳು ವಾರ ನಾನು ಬರೆದೆ. ನನ್ನ ನಾಯಕಿಗೆ ಹಕ್ಕು ಗೊತ್ತು, ಕಾನೂನು ಗೊತ್ತು, ಭಾಷಣ ಗೊತ್ತು. ಕಾಲು ಮಾತ್ರ ಇರಲಿಲ್ಲ. ಇವತ್ತು ಓದುವಾಗ ಮಲಗಿದ್ದವಳಿಗೆ ನನಗೇ ಮೀನಖಂಡ ಎಳೆಯಿತು. ಚೆನ್ನಾಗಿದೆ. ಚೆನ್ನಾಗಿರುವುದಕ್ಕೇ ಭಯ. ನಿಜವಾದ ಸಂಗತಿ ಯಾವಾಗಲೂ ಯಾರದೋ ಮನೆಯಿಂದ ಬಂದಿರುತ್ತೆ. ಬಾಗಿಲು ತಟ್ಟಿ ತರಬೇಕು. ನೀನು ಹಿತ್ತಿಲಿಂದ ಎತ್ಕೊಂಡು ಬಂದೆ. ಇವತ್ತೇ ಹೋಗಿ ಅಕ್ಕನಿಗೆ ಹೇಳು.’

ಇವತ್ತೇ ಎಂದಿದ್ದರು. ನಾನು ಸೋಮವಾರ ಹೇಳಲಿಲ್ಲ. ಮಂಗಳವಾರ ಅಕ್ಕ ಕಾಲು ಮೇಲೆ ಮಾಡಿ ಮಲಗಿ ನಗುನಗುತ್ತಾ ಏನೇನೋ ಹೇಳುತ್ತಿದ್ದಳು. ಆ ನಗುವಿನ ನಡುವೆ ಹೇಗೆ ಹೇಳಲಿ ಎಂದು ಆಗಲೂ ಹೇಳಲಿಲ್ಲ. ಬುಧವಾರ ಸಂಜೆ ಅವಳೇ ಹೇಳಿದಳು.

ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತಳು. “ಅಂಗಡಿಗೆ ಇವತ್ತು ಬಡಗಿ ಬಂದಿದ್ದ ಅಮ್ಮಾ. ಕೌಂಟರ್ ಕೆಳಗೆ ಉದ್ದಕ್ಕೂ ಹಲಗೆ ಹೊಡೆದ. ಲೈನಿಂಗ್ ಎಲ್ಲಾ ಮೇಲಿನ ಕಪಾಟಿಗೆ ಹೋಯ್ತು.”

“ಯಾಕಂತೆ?” ಎಂದಳು ಅಮ್ಮ.

“ಯಾವುದೋ ಪತ್ರಿಕೇಲಿ ಕಥೆ ಬಂದಿದೆಯಂತೆ. ಬೆಕ್ಕು ಆ ಹಾಳೆ ಕತ್ತರಿಸಿ ಅಂಗಡೀಲಿ ನಾವು ಊಟ ಮಾಡೋ ಕೋಣೆ ಗೋಡೆಗೆ ಅಂಟಿಸಿದಾನೆ.” ಬೆಕ್ಕು ಎಂದರೆ ಮಹಡಿಯ ಮೇಲ್ವಿಚಾರಕ. ರಬ್ಬರ್ ಬೂಟು ಹಾಕಿಕೊಂಡು ಸದ್ದಿಲ್ಲದೆ ಹಿಂದೆ ಬಂದು ನಿಲ್ಲುತ್ತಾನೆಂದು ಹುಡುಗಿಯರು ಇಟ್ಟ ಹೆಸರು. “ಹೊರಗೆ ಹೇಳಿದವಳು ಶನಿವಾರ ಅಂಗಡಿ ಮುಚ್ಚೋದ್ರೊಳಗೆ ಒಪ್ಕೊಂಡು ಕೆಲಸ ಬಿಡಬೇಕಂತೆ. ಇಲ್ಲದಿದ್ರೆ ಹನ್ನೊಂದು ಜನಾನೂ ಮನೆಗೆ.”

ಆಮೇಲೆ ನನ್ನ ಕಡೆ ನೋಡಿದಳು. “ಒಣ ಕಡ್ಡಿ ಮುರಿದಂಥ ಸದ್ದು. ಹಾಗಂತ ನಾನು ಈ ಭೂಮಿ ಮೇಲೆ ಒಬ್ಬಳ ಹತ್ರ ಮಾತ್ರ ಹೇಳಿದ್ದೆ.”

ಫೋನು, ಒಂದೂವರೆ ಪುಟ, ಅರ್ಧ ಗಂಟೆ ಎಂದು ಹೇಗೋ ಒದರಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

“ಬೈಯೋದಕ್ಕೂ ಸುಸ್ತು ಕಣೇ ಬಸವನಹುಳ. ನೀನು ಬಾಯಿ ಬಿಡೋಳಲ್ಲ ಅಂತ ತಾನೇ ನಿನ್ನ ಹತ್ರ ಹೇಳ್ತಿದ್ದೆ?”

“ಬಾಯಿ ಎಲ್ಲಿ ಬಿಟ್ಟಳು,” ಎಂದಳು ಅಮ್ಮ. “ಕೈ ಬಿಟ್ಟಳು.”

“ಇರಲಿ ಬಿಡಮ್ಮ. ಶನಿವಾರ ನಾನೇ ಅಂತ ಹೇಳಿ ಬರ್ತೀನಿ. ನನ್ನೊಬ್ಬಳಿಂದ ಹತ್ತು ಜನದ ಅನ್ನ ಹೋಗೋದು ಬೇಡ.” ಅಷ್ಟು ಹೇಳಿ ಬಕೆಟ್ಟಿನ ಬಿಸಿನೀರಿಗೆ ಕಾಲಿಟ್ಟಳು. ನಾನು ಪಕ್ಕಕ್ಕೆ ಹೋಗಿ ಕೂತರೆ, ಕಾಲು ತೆಗೆದು ಒಳಗೆ ಹೋದಳು. ಆರು ವರ್ಷದಲ್ಲಿ ಮೊದಲ ಸಲ ಅವಳ ಕಾಲು ನನಗೆ ಏನೂ ಹೇಳಲಿಲ್ಲ.

ಮರುದಿನ ಮೇಡಂ ಮುಂದೆ ಎಲ್ಲ ಹೇಳಿದೆ. ಕಥೆ ಬರೆಯುವುದೇ ಪಾಪ ಎಂದೂ ಹೇಳಿದೆನಂತೆ. ನನಗೆ ನೆನಪಿಲ್ಲ, ಅವರು ಆಮೇಲೆ ನೆನಪಿಸಿದರು. ಅವರು ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. ಪತ್ರಿಕೆಯವರು ಓದುಗರ ಪತ್ರಗಳನ್ನು ಕಳಿಸಿದ್ದರು. ಏಳು ಕಂತಿಗೆ ಸೇರಿ ಬಂದ ಪತ್ರ ಐದು. ಈ ಒಂದು ಕಂತಿಗೆ ನಲವತ್ತಮೂರು. ಗಟ್ಟಿಯಾಗಿ ಓದು ಎಂದು ಸನ್ನೆ ಮಾಡಿದರು.

ಓದಿದೆ. ಔಷಧಿ ಅಂಗಡಿಯ ಹುಡುಗಿಯೊಬ್ಬಳು ಬರೆದಿದ್ದಳು: ‘ನಮ್ಮಲ್ಲಿ ಇದಕ್ಕೆ ಮಾತ್ರೆ ಬಿತ್ತು ಅಂತೀವಿ. ಮಾತ್ರೆ ಬಿತ್ತು ಅಂತ ಬಗ್ಗಿ ಕೂರ್ತೀವಿ. ನಾವು ಮಾತ್ರ ಹೀಗೆ ಕಳ್ಳಾಟ ಆಡ್ತೀವಿ ಅಂದ್ಕೊಂಡು ನಾಚಿಕೆ ಇತ್ತು. ಈಗ ಇಲ್ಲ.’ ಇನ್ನೊಬ್ಬರು: ‘ಇಪ್ಪತ್ತು ವರ್ಷದಿಂದ ಸ್ಟೂಲಿನ ಮೇಲೆ ಕೂತು ಬಟ್ಟೆ ಆರಿಸಿದ್ದೇನೆ. ಕೌಂಟರಿನ ಆಚೆ ಸ್ಟೂಲಿಲ್ಲ ಅನ್ನುವುದು ಈ ಸೋಮವಾರದವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.’ ಮತ್ತೊಬ್ಬರು: ‘ಅದು ಯಾವ ಅಂಗಡಿಯೋ ಗೊತ್ತಿಲ್ಲ. ಅದಕ್ಕೆ ಸಿಕ್ಕ ಅಂಗಡಿಯಲ್ಲೆಲ್ಲ ಲೈನಿಂಗ್ ಕೇಳುತ್ತಿದ್ದೇನೆ. ನಿಧಾನವಾಗಿ ಹುಡುಕಮ್ಮ, ನನಗೇನೂ ಅವಸರವಿಲ್ಲ ಅಂತ ಹೇಳುತ್ತೇನೆ. ನಿನ್ನೆ ಒಬ್ಬಳು ನನ್ನ ಮುಖ ನೋಡಿ ನಕ್ಕು ಕೆಳಗೆ ಹೋದಳು. ಐದು ನಿಮಿಷ ಬರಲೇ ಇಲ್ಲ.’

ಹದಿನೈದು ಪತ್ರದ ಹೊತ್ತಿಗೆ ನನ್ನ ದನಿ ನನಗೇ ಬೇರೆಯಾಗಿ ಕೇಳಿಸತೊಡಗಿತು. ಮೇಡಂ ಸ್ಲೇಟು ಎತ್ತಿದರು.

‘ಪಾಪ ಅಲ್ಲ. ಅರ್ಧ ಮಾಡಿದ ಕೆಲಸ. ಶನಿವಾರ ಹೋಗೋಣ. ಅಚ್ಚಾದ ಹೆಸರು ನನ್ನದು, ಪೆಟ್ಟು ನನಗೆ ಬೀಳಲಿ. ಮಾತಾಡೋದು ಮಾತ್ರ ನೀನು. ನನಗೆ ವೈದ್ಯರ ಅಪ್ಪಣೆ ಇಲ್ಲ.’

ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದರು. ಅವರಿಗೆ ನಗು ಬಂದಿತ್ತು, ಗಂಟಲು ನೋಯುತ್ತದೆಂದು ತಡೆದುಕೊಂಡರು.

ಶನಿವಾರ ಮೂರು ಗಂಟೆಗೆ ಅಂಗಡಿಗೆ ಹೋದೆವು. ಮೇಡಂ ಕೊರಳಿಗೆ ಶಾಲು ಸುತ್ತಿ, ಸ್ಲೇಟನ್ನು ಕೈಚೀಲದಲ್ಲಿಟ್ಟುಕೊಂಡು ಬಂದಿದ್ದರು. ನಾನು ಹೇಳಬೇಕಾದ್ದನ್ನು ನಾಲ್ಕು ವಾಕ್ಯ ಮಾಡಿ ಬಾಯಿಪಾಠ ಮಾಡಿದ್ದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಮರೆತವು.

ಮೊದಲ ಮಹಡಿ ಎಂದರೆ ಈ ಗೋಡೆಯಿಂದ ಆ ಗೋಡೆವರೆಗೆ ಒಂದೇ ಉದ್ದ ಕೌಂಟರು. ಈಚೆ ಬದಿಗೆ ಗಿರಾಕಿಗಳಿಗೆಂದು ದುಂಡು ಸ್ಟೂಲುಗಳ ಸಾಲು. ಆಚೆ ಬದಿಗೆ ಹನ್ನೊಂದು ಹುಡುಗಿಯರು, ಅವರ ಬೆನ್ನ ಹಿಂದೆ ಬಟ್ಟೆಯ ಸುರುಳಿಗಳ ಕಪಾಟು. ಅಕ್ಕ ನಡುವೆ ನಿಂತಿದ್ದಳು. ನನ್ನನ್ನು ನೋಡಿ ಕಣ್ಣು ದೊಡ್ಡದು ಮಾಡಿ, ‘ಹೋಗು’ ಎಂದು ಹುಬ್ಬಿನಲ್ಲೇ ಹೇಳಿದಳು. ಕೌಂಟರಿನ ಕೆಳಗೆ ಹೊಸ ಹಲಗೆ, ಇನ್ನೂ ಮರದ ವಾಸನೆ ಬರುತ್ತಿತ್ತು.

ಶನಿವಾರವಾದ್ದರಿಂದ ಜನ ಇದ್ದರು. ಅಕ್ಕನ ಎದುರಿನ ಸ್ಟೂಲಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಕಾಲಿಗೆ ದಪ್ಪ ಅಟ್ಟೆಯ ಬಿಳಿ ಬೂಟು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು ಎಂದು ಆಮೇಲೆ ತಿಳಿಯಿತು. ಅವರು ಅಕ್ಕನಿಗೆ ಹೇಳುತ್ತಿದ್ದರು: “ಲೈನಿಂಗ್ ತೋರಿಸು ಮಗಳೇ. ಕೆಳಗಿರುತ್ತಲ್ಲ, ಬಿಳೀದು. ಆರಾಮಾಗಿ ಹುಡುಕು. ಇದು ನಾನು ಇವತ್ತು ಹತ್ತಿದ ಮೂರನೇ ಅಂಗಡಿ, ನಂಗೆ ಮನೇಲಿ ಏನೂ ಕೆಲಸ ಇಲ್ಲ.”

ಅಕ್ಕನಿಗೆ ಅರ್ಥವಾಯಿತು. ಅವಳ ತುಟಿ ಅಲುಗಿತು. “ಕೆಳಗಿಲ್ಲ ಅಮ್ಮಾ. ಹಲಗೆ ಹೊಡೆದಿದಾರೆ.”

“ಯಾವಾಗ?”

“ಬುಧವಾರ.”

ನರ್ಸಮ್ಮ ಬಗ್ಗಿ ಹಲಗೆ ನೋಡಿದರು. ನೆಟ್ಟಗಾಗಿ ಅಕ್ಕನ ಮುಖ ನೋಡಿದರು. ಆಮೇಲೆ ಸ್ಟೂಲಿನಿಂದ ಎದ್ದು ನಿಂತರು, ಅಷ್ಟೇ. ಪಕ್ಕದ ಸ್ಟೂಲಿನ ಹೆಂಗಸು “ಏನಾಯ್ತು?” ಎಂದಳು. ನರ್ಸಮ್ಮ ಮೆಲ್ಲಗೆ ಅವಳ ಕಿವಿಗೆ ಹೇಳಿದರು. ಆಕೆಯ ಚೀಲದಿಂದ ಅದೇ ಪತ್ರಿಕೆ ಇಣುಕುತ್ತಿತ್ತು. ಆಕೆಯೂ ಎದ್ದಳು.

ಖಾಲಿಯಾದ ಸ್ಟೂಲು ನನ್ನ ಮುಂದಿತ್ತು. ಮೇಡಂ ಬೆನ್ನಿಗೆ ಬೆರಳಿನಿಂದ ಚುಚ್ಚಿದರೋ ಇಲ್ಲವೋ, ಅವರು ಇಲ್ಲ ಅನ್ನುತ್ತಾರೆ. ನಾನು ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿದೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಕೌಂಟರಿನ ಮೇಲೆ ಬಿಡಿಸಿಟ್ಟ ಹೂವಿನ ಬಟ್ಟೆಯ ಮೇಲಿಟ್ಟು ಆಚೆ ದೂಡಿದೆ. ಅದು ಅಕ್ಕನ ಪಕ್ಕದ ನೆಲಕ್ಕೆ ದಬಾರೆಂದು ಬಿತ್ತು. ಇಡೀ ಮಹಡಿ ತಿರುಗಿ ನೋಡಿತು.

“ಕೂತ್ಕೋ ಅಕ್ಕ,” ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಮಾತಾಡಿರಲಿಲ್ಲ.

ಅಕ್ಕ ಕೂರಲಿಲ್ಲ. ಅವಳ ಕಣ್ಣು ನನ್ನ ಹೆಗಲಿನಾಚೆ ಹೋಯಿತು. ಹಿಂದೆ ಬೆಕ್ಕು ನಿಂತಿದ್ದ. ಹೆಸರಿಟ್ಟವರಿಗೆ ಶಹಬ್ಬಾಸ್ ಅನ್ನಬೇಕು, ಒಂದು ಸದ್ದೂ ಬಂದಿರಲಿಲ್ಲ.

“ಅದು ಗಿರಾಕಿಗಳ ಸ್ಟೂಲು,” ಎಂದ.

“ಗಿರಾಕಿ ನಾನೇನಪ್ಪ,” ಎಂದರು ನರ್ಸಮ್ಮ. “ನನ್ನ ಸ್ಟೂಲು ನಾನು ಕೊಟ್ಟೆ.”

“ನಿಂತು ಬಟ್ಟೆ ತೋರಿಸಿದ್ರೇನೇ ಗಿರಾಕಿಗಳಿಗೆ ಮರ್ಯಾದೆ, ತಾಯಿ.”

“ನನಗೆ ಈಗ ಮರ್ಯಾದೆ ಜಾಸ್ತಿ ಆಗಿ ಅಜೀರ್ಣ ಆಗಿದೆ.”

ಯಾರೋ ಕಿಸಕ್ಕೆಂದರು. ಬೆಕ್ಕಿನ ಮುಖ ಕೆಂಪಾಯಿತು. ಅವನು ನನ್ನ ಕಡೆ ತಿರುಗಿದ. “ನೀನು ಯಾರು?”

ನಾನು ಅಕ್ಕ ಎಂದದ್ದನ್ನು ಅವನು ಗಿರಾಕಿಗಳು ಕರೆಯುವ ಬಗೆ ಎಂದುಕೊಂಡಿರಬೇಕು. ಬಾಯಿಪಾಠದ ನಾಲ್ಕೂ ವಾಕ್ಯ ಹಾರಿಹೋಗಿದ್ದವು. “ಪತ್ರಿಕೇಲಿ ಬಂದ ಆ ಒಂದೂವರೆ ಪುಟ ಬರೆದವಳು,” ಎಂದೆ. “ಇವರ್ಯಾರೂ ಪತ್ರಿಕೆಗೆ ಏನೂ ಹೇಳಿಲ್ಲ. ಯಾರನ್ನೂ ಕೇಳದೆ ಬರೆದೆ. ತಪ್ಪು ನಂದು.”

ಮೇಡಂ ಚೀಲದಿಂದ ಸ್ಲೇಟು ತೆಗೆದು ಎತ್ತಿ ಹಿಡಿದರು. ಮನೆಯಲ್ಲೇ ಬರೆದುಕೊಂಡು ಬಂದಿದ್ದರು: ‘ಕಾದಂಬರಿ ನನ್ನದು. ಏನಿದ್ದರೂ ನನ್ನನ್ನು ಕೇಳಿ.’ ಬೆಕ್ಕು ಅದನ್ನು ಓದಿ, ಸ್ಲೇಟು ಹಿಡಿದ ಆ ಬಿಳಿತಲೆಯ ಹೆಂಗಸನ್ನು ಬಿಟ್ಟು ಮತ್ತೆ ನನ್ನ ಮೇಲೆ ಬಂದ.

“ಅದೆಲ್ಲಾ ಬೇಡ. ನಿನಗೆ ಹೇಳಿದ್ದು ಯಾರು? ಈ ಹನ್ನೊಂದು ಜನದಲ್ಲಿ ಯಾರು? ಬೆರಳು ತೋರಿಸು, ಉಳಿದ ಹತ್ತು ಜನದ ತಂಟೆಗೆ ನಾನು ಬರಲ್ಲ.”

ಅಕ್ಕ ಬಾಯಿ ತೆರೆದಳು. ಅವಳು ಹೇಳಿಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು. ಅದಕ್ಕಿಂತ ಮೊದಲು ನಾನು ಹೇಳಬೇಕಿತ್ತು. ಇಷ್ಟು ವರ್ಷ ನಾಲಿಗೆಯ ಹಿಂದೆಲ್ಲೋ ಕೂತಿದ್ದ ಆ ಸಣ್ಣ ಮಾತು ಆಗ ಎದ್ದು ಬಂತು.

“ಇಲ್ಲ,” ಎಂದೆ.

“ಏನು?”

“ಇಲ್ಲ. ಹೇಳಲ್ಲ.”

ಎರಡನೇ ಸಲ ಹೇಳುವುದು ಮೊದಲಿನಷ್ಟು ಕಷ್ಟವಾಗಲಿಲ್ಲ. ಬೇಕಿದ್ದರೆ ಮೂರನೆಯದೂ ಹೇಳುವವಳಿದ್ದೆ. ಅಷ್ಟರಲ್ಲಿ ಕೌಂಟರಿನ ಆ ತುದಿಯಿಂದ ಇನ್ನೊಂದು ಸ್ಟೂಲು ಆಚೆ ಹೋದ ಸದ್ದು ಕೇಳಿತು. ಪರದೆ ಬಟ್ಟೆ ನೋಡುತ್ತಿದ್ದ ದಂಪತಿ ಎದ್ದಿದ್ದರು; ಗಂಡ ಸ್ಟೂಲು ದೂಡುತ್ತಿದ್ದ, ಹೆಂಡತಿ “ಬಟ್ಟೆ ಹರಿದೀತು, ನಿಧಾನ ರೀ” ಅನ್ನುತ್ತಿದ್ದಳು. ಆಮೇಲೆ ಮೂರನೆಯದು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗುತ್ತಿತ್ತು. ಪತ್ರಿಕೆ ಓದಿದವರು ಹೆಚ್ಚೆಂದರೆ ಆರೇಳು ಜನ ಇದ್ದಿರಬೇಕು. ಓದದವರಿಗೆ ಓದಿದವರು ಅಲ್ಲೇ ನಿಂತು ಕಥೆ ಹೇಳುತ್ತಿದ್ದರು: ಟೇಪು ಮಗುಚುವುದು, ಕೆಮ್ಮುವುದು, ಯಾರೂ ಕೇಳದ ಬಿಳಿ ಲೈನಿಂಗು. ಮೇಡಂ ಕಣ್ಣು ಮುಚ್ಚಿಕೊಂಡು ಅದನ್ನ ಕೇಳುತ್ತಿದ್ದರು.

ಹತ್ತು ನಿಮಿಷದಲ್ಲಿ ಈಚೆ ಬದಿಗೆ ಒಂದು ಸ್ಟೂಲೂ ಉಳಿಯಲಿಲ್ಲ. ಮೂವತ್ತು ಜನ ಗಿರಾಕಿಗಳು ನಿಂತಿದ್ದರು. ಒಂದು ಗಜ ಬಟ್ಟೆಯೂ ಕತ್ತರಿಯಾಗುತ್ತಿರಲಿಲ್ಲ. ಮೇಲಿನ ಗಾಜಿನ ಕೋಣೆಯಿಂದ ಯಜಮಾನರು ಇಳಿದು ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ ಹಣೆಯ ಮೇಲಿತ್ತು.

“ಏನು ಬೇಕಂತೆ ಇವರಿಗೆಲ್ಲ?” ಎಂದು ಬೆಕ್ಕನ್ನು ಕೇಳಿದರು.

ಉತ್ತರ ಕೊಟ್ಟವರು ನರ್ಸಮ್ಮ. “ಬಟ್ಟೆ ಬೇಕು ಯಜಮಾನ್ರೇ, ಅದಕ್ಕೇ ಬಂದಿರೋದು. ಇವರು ಕೂತ್ರೆ ನಾವೂ ಕೂತು ಆರಿಸ್ತೀವಿ. ಇವರು ನಿಂತ್ರೆ ನಾವೂ ನಿಂತಿರ್ತೀವಿ. ಮೂವತ್ತೆಂಟು ವರ್ಷ ವಾರ್ಡಿನಲ್ಲಿ ನಿಂತವಳು ನಾನು. ನಿಲ್ಲೋದ್ರಲ್ಲಿ ನೀವು ನನ್ನ ಸೋಲಿಸೋಕಾಗಲ್ಲ.”

ಯಜಮಾನರು ಕನ್ನಡಕ ಕಣ್ಣಿಗೆ ಇಳಿಸಿದರು. ನಿಂತ ಗಿರಾಕಿಗಳನ್ನು, ಆಚೆ ರಾಶಿಬಿದ್ದ ಸ್ಟೂಲುಗಳನ್ನು, ಹೊಸ ಹಲಗೆಯನ್ನು ನೋಡಿದರು. ಅವರು ಒಳ್ಳೆಯವರೋ ಕೆಟ್ಟವರೋ ನನಗೆ ಈಗಲೂ ಗೊತ್ತಿಲ್ಲ. ಅದು ಶನಿವಾರ, ಸಂಜೆಯ ವ್ಯಾಪಾರ ಮುಂದಿದೆ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಕೂತ್ಕೊಳ್ರಮ್ಮ,” ಎಂದರು ಹುಡುಗಿಯರ ಕಡೆ ನೋಡದೆ. “ಸೋಮವಾರ ಬೇರೆ ಸ್ಟೂಲು ಬರುತ್ತೆ. ಇವತ್ತು ಅರ್ಧ ಅರ್ಧ ಹಂಚ್ಕೊಳ್ಳಿ.” ಎರಡು ಹೆಜ್ಜೆ ಹೋಗಿ ಬೆಕ್ಕಿಗೆ, “ಕೆಲಸ ಬಿಡಿಸೋದು ಗಿಡಿಸೋದು ಏನೂ ಬೇಡ. ಆ ಹಾಳೆ ಗೋಡೆಯಿಂದ ಕೀಳು,” ಎಂದರು.

ಮೊದಲು ಕೂತವಳು ನನ್ನಕ್ಕ. ಕೂರುವಾಗ ಅವಳ ಮಂಡಿ ಸದ್ದು ಮಾಡಿತು, ಒಣ ಕಡ್ಡಿ ಮುರಿದ ಹಾಗೆ. ಅಭ್ಯಾಸಬಲದಿಂದ ಪಕ್ಕದವಳು ಕೆಮ್ಮಿದಳು. ಮರುಕ್ಷಣ ಹನ್ನೊಂದು ಹುಡುಗಿಯರೂ ನಗತೊಡಗಿದರು. ನಗು ನಿಲ್ಲಿಸಲು ಅವರಿಗೆ ಬಹಳ ಹೊತ್ತು ಬೇಕಾಯಿತು. ನರ್ಸಮ್ಮ ಎರಡು ಗಜ ಬಿಳಿ ಲೈನಿಂಗ್ ಕೊಂಡರು. ಏನು ಮಾಡುತ್ತೀರಿ ಎಂದು ಅಕ್ಕ ಕೇಳಿದರೆ, “ಗೊತ್ತಿಲ್ಲ, ಇರಲಿ” ಎಂದರು.

ಸೋಮವಾರ ಹನ್ನೊಂದು ಸ್ಟೂಲು ಬಂದವು. ಗೋದಾಮಿನ ಹಳೆಯವು, ಒಂದರ ಎತ್ತರ ಇನ್ನೊಂದಕ್ಕಿಲ್ಲ, ಒಂದು ಅಲುಗಾಡುತ್ತದೆ. ಗಿರಾಕಿ ಎದುರಿಗಿಲ್ಲದಾಗ ಮಾತ್ರ ಕೂರಬೇಕೆಂದು ಬೆಕ್ಕು ಹೊಸ ನಿಯಮ ಹೇಳಿದನಂತೆ. ಗಿರಾಕಿಗಳೇ ಅದನ್ನು ಪಾಲಿಸಲು ಬಿಡುತ್ತಿಲ್ಲವಂತೆ. ಔಷಧಿ ಅಂಗಡಿಯ ಹುಡುಗಿಯಿಂದಲೂ ಕಾಗದ ಬಂತು: ಅವರಿಗೆ ಇನ್ನೂ ಏನೂ ಸಿಕ್ಕಿಲ್ಲ, ಆದರೆ ಈಗ ಎಲ್ಲರೂ ಒಟ್ಟಿಗೆ ಕೇಳಿದ್ದಾರೆ.

ಸ್ಟೂಲು ಬಂದ ಆ ಸೋಮವಾರವೇ ಮೇಡಂ ಗೋಡೆಯಿಂದ ಪ್ರಶ್ನೆಗಳ ಹಾಳೆ ತೆಗೆದು, ಹತ್ತನೆಯದರ ಕೆಳಗೆ ತಮ್ಮ ಕೈಯಾರೆ ಬರೆದರು: ‘ಕಾದಂಬರಿ ಯಾರಿಗೂ ಸ್ಟೂಲು ಕೊಡುವುದಿಲ್ಲ. ಕೂತು ಓದುವವರು ಒಂದು ಸಲ ಎದ್ದು ನಿಲ್ಲುವಂತೆ ಮಾಡುತ್ತದೆ. ನನಗೆ ಅಷ್ಟು ಸಾಕು.’ ಬರೆದು ನನ್ನ ಕೈಗಿಟ್ಟು, ಕತ್ತರಿ ಮುಂದೆ ತಳ್ಳಿದರು. ಓದಿ ನೋಡಿದೆ. ‘ನನಗೆ ಅಷ್ಟು ಸಾಕು’ ಎಂಬುದನ್ನು ಕತ್ತರಿಸಿ ಡಬ್ಬಿಗೆ ಹಾಕಿದೆ. ನನ್ನ ಮೊದಲ ಕತ್ತರಿ. ಮೇಡಂ ವೈದ್ಯರ ಮಾತು ಮರೆತು ಸದ್ದು ಮಾಡಿ ನಕ್ಕರು.

ಮಂಗಳವಾರ ಅಕ್ಕ ನೆಲದ ಮೇಲೆ ಮಲಗಿ ಕಾಲನ್ನು ಗೋಡೆಯ ಆ ಎರಡು ಬೊಟ್ಟುಗಳಿಗೆ ಚಾಚಿದ್ದಳು. ನಾನು ನೋಟ್‌ಪುಸ್ತಕ ಹಿಡಿದು ಹೋಗಿ ಪಕ್ಕದಲ್ಲಿ ಕೂತೆ. ಈ ಸಲ ಅವಳು ಕಾಲು ತೆಗೆಯಲಿಲ್ಲ.

“ಅಕ್ಕ, ಇನ್ನು ಮೇಲೆ ನೀನು ಹೇಳಿದ್ದು ಬರೀಲಾ?”

“ಬೇಡ ಅಂದ್ರೆ ಬಿಡ್ತೀಯಾ?”

“ಬಿಡ್ತೀನಿ.”

ಅವಳು ಸೂರು ನೋಡಿದಳು. “ಮೊದಲು ಅದನ್ನ ಓದು. ಬೆಕ್ಕು ಅಂಟಿಸಿದ್ದನ್ನ ನಾನು ಪೂರ್ತಿ ಓದೇ ಇಲ್ಲ, ಅಳು ಬರ್ತಿತ್ತು.”

ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಸದ್ದು ನಿಲ್ಲಿಸಿದ್ದಳು. ಮುಗಿದ ಮೇಲೆ ಅಕ್ಕ ತಲೆ ನನ್ನ ಕಡೆ ಹೊರಳಿಸಿದಳು.

“ತಪ್ಪಿದೆ.”

“ಎಲ್ಲಿ?”

“ನಾಲ್ಕು ನಿಮಿಷ ಅಲ್ಲ ಕಣೇ, ಮೂರು. ನಾಲ್ಕಾದ್ರೆ ಬೆಕ್ಕು ಬಂದುಬಿಡ್ತಿತ್ತು. ನಾನು ಜಂಬಕ್ಕೆ ನಾಲ್ಕು ಅಂದಿದ್ದೆ.” ಒಂದು ಕಾಲನ್ನು ಗೋಡೆಯ ಮೇಲೆ ಇನ್ನಷ್ಟು ಮೇಲಕ್ಕೆ ಜರುಗಿಸಿದಳು. “ಇನ್ನೂ ಒಂದಿದೆ. ನಮ್ಮ ಊಟದ ಬಿಡುವಿನ ಕಥೆ. ಪುಸ್ತಕ ಮುಂದಿಂದ ತೆರಿ, ಹಿಂದಿಂದ ಬೇಡ. ಹೂಂ, ಬರ್ಕೋ.”